ಪೊಟ್ಟಣದ ಬೆನ್ನು ಓದುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿ ಸಿಕ್ಕವರು, ಮಂಡ್ಯ ಸೀಮೆಯ ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಎದ್ದು ನಿಂತು ಕೇಳಿದವರು, ಕಾಗದ ಬರೆದವರು, ಪ್ಯಾಕೆಟ್ಟಿನ ಫೋಟೋ ಕಳಿಸಿ "ಇದು ತಿನ್ನಬಹುದಾ?" ಅಂದವರು, ಎಲ್ಲರ ಪ್ರಶ್ನೆಗಳೂ ಸುತ್ತಿ ಸುತ್ತಿ ಪೊಟ್ಟಣದ ಹಿಂದಿನ ಲೇಬಲ್ಲಿಗೇ ಬರುತ್ತವೆ. ಅವನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಕೈಯಲ್ಲಿರುವ ಪೊಟ್ಟಣ ನೋಡಿ ನೀವೇ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು ಎಷ್ಟು ತಿನ್ನಬೇಕು ಎನ್ನುವುದನ್ನು ಮಾತ್ರ ನಿಮ್ಮ ವೈದ್ಯರನ್ನೇ ಕೇಳಬೇಕು.

## ಮೊದಮೊದಲ ಪ್ರಶ್ನೆಗಳು

"ಹಿಂದ್ಗಡೆ ಅಷ್ಟು ಸಣ್ಣ ಅಕ್ಷರ ಯಾರು ಓದ್ತಾರೆ ಸಾ? ಮುಂದ್ಗಡೆನೇ ಎಲ್ಲಾ ಬರ್ದಿರ್ತಾರಲ್ಲ?"

ಮುಂದುಗಡೆ ಬರೆಯುವುದು ಮಾರುವವನ ಇಷ್ಟ, ಹಿಂದುಗಡೆಯದು ಕಾನೂನು ಬರೆಸಿದ್ದು. 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಎಫ್‌ಎಸ್‌ಎಸ್‌ಎಐ ಎಂಬ ಪ್ರಾಧಿಕಾರ ಇದೆ. ಅದರ 2020ರ ಲೇಬಲ್ ನಿಯಮದ ಪ್ರಕಾರ ಶಕ್ತಿ, ಪ್ರೋಟೀನು, ಕಾರ್ಬೋಹೈಡ್ರೇಟು, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲ್, ಸೋಡಿಯಂ ಇಷ್ಟನ್ನೂ ಕೊಡಬೇಕು. ಇಷ್ಟೂ ಓದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಂಗಡಿಯಲ್ಲಿ ನಿಂತು ಅರ್ಧ ನಿಮಿಷ ಸಾಕು. ಘಟಕಾಂಶಗಳ ಪಟ್ಟಿಯ ಮೊದಲ ಮೂರು ಹೆಸರು ನೋಡಿ. ಆಮೇಲೆ ಪೋಷಕಾಂಶ ಪಟ್ಟಿಯಲ್ಲಿ ಸೇರಿಸಿದ ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ತಾಳೆ ಎಣ್ಣೆಯಲ್ಲಿ ಜಾಸ್ತಿ ಇರುವಂಥದ್ದು), ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಮೂರು ಸಾಲು ನೋಡಿ. ಮಿಕ್ಕಿದ್ದನ್ನು ಮನೆಗೆ ಹೋಗಿ ಬೇಕಾದರೆ ಓದಿಕೊಳ್ಳಿ.

"ನಮ್ಮಮ್ಮಂಗೆ ಇಂಗ್ಲಿಷ್ ಬರಲ್ಲ. ಅವರೇ ಅಂಗಡಿಗೆ ಹೋಗೋದು. ಏನ್ಮಾಡೋದು?"

ಇದು ನನ್ನದೂ ತಕರಾರು. ನಿಯಮದ ಪ್ರಕಾರ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಹಾಕಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಚೆಲುವಾಂಬ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನೆಯ ದೊಡ್ಡ ಸಂಸ್ಥೆ ಇಟ್ಟುಕೊಂಡ ಊರು ನಮ್ಮದು. ಅದೇ ರಸ್ತೆಯ ದಿನಸಿ ಅಂಗಡಿಯಲ್ಲಿ ಅಜ್ಜಿಯರು ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಇಡುತ್ತಾರೆ.

ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಅಂಕಿ ಓದಲು ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಅವರಿಗೆ ಮೊಮ್ಮಗಳು ಒಂದು ರಟ್ಟಿನ ಚೀಟಿ ಮಾಡಿಕೊಟ್ಟಿದ್ದಾಳೆ. ಅದರಲ್ಲಿ ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ, ಈ ಮೂರು ಪದಗಳು ಲೇಬಲ್ಲಿನಲ್ಲಿ ಹೇಗೆ ಕಾಣುತ್ತವೋ ಹಾಗೇ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಕನ್ನಡ. ಅಜ್ಜಿ ಚೀಟಿಯನ್ನು ಪೊಟ್ಟಣದ ಪಕ್ಕ ಹಿಡಿದು ಅಕ್ಷರದ ಆಕಾರ ಹೊಂದಿಸಿ ನೋಡುತ್ತಾರೆ, ಚಿತ್ರಕ್ಕೆ ಚಿತ್ರ ಜೋಡಿಸಿದ ಹಾಗೆ. ಅಕ್ಷರ ಸಣ್ಣದಾದರೆ ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸುತ್ತಾರೆ. ಭೂತಗನ್ನಡಿಗಿಂತ ಅದೇ ವಾಸಿ.

"ಪ್ರತಿ 100 ಗ್ರಾಂಗೆ ಒಂದು ಲೆಕ್ಕ, ಪ್ರತಿ ಸರ್ವಿಂಗಿಗೆ ಇನ್ನೊಂದು. ಯಾವುದನ್ನ ನಂಬೋದು?"

ಎರಡೂ ನಿಜವೇ, ಆದರೆ ಎರಡು ಪೊಟ್ಟಣ ಹೋಲಿಸುವಾಗ 100 ಗ್ರಾಂ ಸಾಲನ್ನೇ ನೋಡಿ. ಸರ್ವಿಂಗ್, ಅಂದರೆ ಒಂದು ಸಲಕ್ಕೆ ತಿನ್ನುವ ಪಾಲು, ಎಷ್ಟು ಎಂದು ತೀರ್ಮಾನಿಸುವುದು ಕಂಪನಿ. ಎರಡು ಬಿಸ್ಕತ್ತು ಒಂದು ಸರ್ವಿಂಗ್ ಎಂದು ಬರೆದಿರುತ್ತದೆ. ಕಾಫಿ ಲೋಟ ಕೈಯಲ್ಲಿ ಹಿಡಿದು ಎರಡಕ್ಕೇ ನಿಲ್ಲಿಸುವವರನ್ನು ನಾನು ಮೈಸೂರಿನಲ್ಲಿ ಇನ್ನೂ ಕಂಡಿಲ್ಲ.

ಪಕ್ಕದಲ್ಲೇ ಆರ್‌ಡಿಎ ಶೇಕಡಾ, ಅಂದರೆ ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿದ ಅಳತೆಯಲ್ಲಿ ಎಷ್ಟು ಪಾಲು, ಎಂದು ಇರುತ್ತದೆ. ಅದರ ಹಿಂದಿನ ಲೆಕ್ಕ ಇದು: ದೊಡ್ಡವರಿಗೆ ದಿನಕ್ಕೆ 2000 ಕಿಲೋಕ್ಯಾಲೊರಿ, ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಟ್ರಾನ್ಸ್ ಕೊಬ್ಬು 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಆರು ವರ್ಷದ ಮಗುವಿಗೆ ಈ ಶೇಕಡಾ ಹೊಂದುವುದಿಲ್ಲ, ಮಗುವಿನ ಪಾಲು ಇದಕ್ಕಿಂತ ಚಿಕ್ಕದು. ಸಕ್ಕರೆಯ 50 ಗ್ರಾಂ ಕೂಡ ಮೇಲಿನ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಅರ್ಧಕ್ಕೆ, ಅಂದರೆ 25 ಗ್ರಾಂ ಸುತ್ತಮುತ್ತಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ.

"ರಾಗಿ ಬಿಸ್ಕೆಟ್ಟು ಅಂತ ತಂದೆ. ಒಳ್ಳೇದೇ ಅಲ್ವಾ? ರಾಗಿ ತಾನೆ?"

ಮದ್ದೂರು ಕಡೆಯ ಒಂದು ಸಭೆಯಲ್ಲಿ ಇದನ್ನು ಕೇಳಿದಾಗ ಅಲ್ಲೇ ಒಂದು ಪೊಟ್ಟಣ ತರಿಸಿ ಗಟ್ಟಿಯಾಗಿ ಓದಿಸಿದೆ. ಮುಂದೆ ರಾಗಿ ತೆನೆ, ಮಣ್ಣಿನ ಮಡಕೆ, ಸೆರಗು ಹೊದ್ದ ತಾಯಿಯ ಚಿತ್ರ. ಹಿಂದೆ ಘಟಕಾಂಶಗಳ ಸಾಲಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ನಾಲ್ಕನೆಯದು ರಾಗಿ ಹಿಟ್ಟು ಶೇ. 11.

ಈ ಸಾಲಿಗೆ ಎರಡು ನಿಯಮಗಳಿವೆ. ಮೊದಲನೆಯದು, ಯಾವ ಪದಾರ್ಥದ ತೂಕ ಹೆಚ್ಚೋ ಅದು ಮೊದಲು, ಕಡಿಮೆಯದು ಕೊನೆಗೆ. ಎರಡನೆಯದು, ಹೆಸರಿನಲ್ಲೋ ಚಿತ್ರದಲ್ಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಎಂದು ಬರೆಯಬೇಕು. ಆ 11 ಅಲ್ಲಿಗೆ ಬಂದದ್ದು ಹಾಗೆ.

ಪೊಟ್ಟಣ 75 ಗ್ರಾಂನದು. ರಾಗಿ ಅದರಲ್ಲಿ 8 ಗ್ರಾಂ ಚಿಲ್ಲರೆ. ದೊಡ್ಡವರ ಒಂದು ಮುದ್ದೆಗೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಇಡೀ ಪೊಟ್ಟಣದ ರಾಗಿಯಿಂದ ಬರುವುದು 30ರ ಒಳಗೆ. ಇನ್ನು ಸಕ್ಕರೆ. 100 ಗ್ರಾಂಗೆ 24 ಎಂದರೆ ಪೊಟ್ಟಣಕ್ಕೆ 18 ಗ್ರಾಂ, ಚಮಚಕ್ಕೆ 4 ಗ್ರಾಂ ಎಂದು ಹಿಡಿದರೆ ನಾಲ್ಕೂವರೆ ಚಮಚ. ಪ್ರಶ್ನೆ ಕೇಳಿದ ಹೆಂಗಸು ಪೊಟ್ಟಣ ಕೈಯಲ್ಲಿ ಹಿಡಿದು, "ಇಷ್ಟು ಸಕ್ಕರೆ ನಾವು ಪಾಯಸಕ್ಕೂ ಹಾಕಕಿಲ್ಲ" ಅಂದರು. ಉತ್ಪ್ರೇಕ್ಷೆ ಇರಬಹುದು, ಆದರೆ ಲೆಕ್ಕ ಅವರಿಗೆ ಅರ್ಥವಾಗಿತ್ತು.

ಓಟ್ಸ್, ಸಿರಿಧಾನ್ಯ, ಬಾದಾಮಿ, ಖರ್ಜೂರ ಎಂದು ದೊಡ್ಡದಾಗಿ ಬರೆದ ಯಾವ ಪೊಟ್ಟಣಕ್ಕೂ ಇದೇ ಪರೀಕ್ಷೆ ಮಾಡಿ.

"ಬ್ರೌನ್ ಬ್ರೆಡ್ಡಿಗೂ ಬಿಳಿ ಬ್ರೆಡ್ಡಿಗೂ ಏನು ವ್ಯತ್ಯಾಸ?"

ಕೆಲವು ಸಲ ಬಣ್ಣ ಅಷ್ಟೇ. ಪಟ್ಟಿಯಲ್ಲಿ ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಎಂದಿದ್ದರೆ ಅದು ಮೈದಾ, 'ಹೋಲ್ ವೀಟ್ ಫ್ಲೋರ್' ಎಂದಿದ್ದರೆ ಇಡೀ ಗೋಧಿ ಹಿಟ್ಟು. ಪಟ್ಟಿಯಲ್ಲಿ ಬರುವ ಸಂಖ್ಯೆಗಳು ಬಣ್ಣಕ್ಕೋ ರುಚಿಗೋ ಕೆಡದಿರಲೋ ಬೆರೆಸಿದ ಪದಾರ್ಥಗಳ ಗುರುತು. ಕೊನೆಯಲ್ಲಿ 150 ಎಂಬ ಸಂಖ್ಯೆ ಕಂಡರೆ ಅದು ಕ್ಯಾರಮೆಲ್ ಬಣ್ಣ, ಸಕ್ಕರೆ ಸುಟ್ಟ ಬಣ್ಣದ ಜಾತಿ.

## ಸಕ್ಕರೆ, ಉಪ್ಪು, ಎಣ್ಣೆ

"ಹಾಲಿನ ಪ್ಯಾಕೆಟ್ಟಲ್ಲೂ ಸಕ್ಕರೆ ಅಂತ ಬರ್ದವ್ರೆ. ಹಾಲಿಗೂ ಸಕ್ಕರೆ ಹಾಕ್ತಾರಾ?"

ಹಾಕುವುದಿಲ್ಲ. ಹಾಲಿನಲ್ಲಿ ಹುಟ್ಟಿನಿಂದಲೇ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, 100 ಮಿಲಿಗೆ ಐದು ಗ್ರಾಂಗೆ ಸ್ವಲ್ಪ ಕಡಿಮೆ. ಅದಕ್ಕೇ 'ಒಟ್ಟು ಸಕ್ಕರೆ' ಸಾಲಿನಲ್ಲಿ ಅಂಕಿ ಇರುತ್ತದೆ, 'ಸೇರಿಸಿದ ಸಕ್ಕರೆ' ಸಾಲಿನಲ್ಲಿ ಸೊನ್ನೆ. ಬಾದಾಮಿ ಹಾಲಿನ ಬಾಟಲಿಯಲ್ಲಿ ಎರಡೂ ಸಾಲು ನೋಡಿ, ಸೊನ್ನೆ ಮಾಯವಾಗಿರುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಅನುಮಾನ, ಟೋನ್ಡ್ ಹಾಲು ಎಂದರೆ ನೀರು ಬೆರೆಸಿದ್ದಾ ಎಂದು. ಅಲ್ಲ, ಅದು ಕೊಬ್ಬನ್ನು ಇಳಿಸಿ ಅಳತೆಗೆ ತಂದ ಹಾಲು. ಟೋನ್ಡ್‌ನಲ್ಲಿ ಕೊಬ್ಬು ಕನಿಷ್ಠ ಶೇ. 3, ಕೊಬ್ಬಲ್ಲದ ಘನಾಂಶ ಶೇ. 8.5 ಇರಬೇಕು. ಡಬಲ್ ಟೋನ್ಡ್‌ನಲ್ಲಿ ಕೊಬ್ಬು 1.5, ಫುಲ್ ಕ್ರೀಮಿನಲ್ಲಿ 6. ನಮ್ಮ ಕಡೆ ಬೆಳಗ್ಗೆ ಮನೆ ಬಾಗಿಲಿಗೆ ಬರುವ ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲೇ. ಕೆನೆ ತೆಳು ಎಂದು ಹಾಲಿನವನ ಜೊತೆ ಜಗಳಕ್ಕೆ ಹೋಗಬೇಡಿ.

"ನಾವು ಮಂಡ್ಯದೋರು. ಬೆಲ್ಲ ಹಾಕಿದ ಬಿಸ್ಕೆಟ್ಟು, ಬೆಲ್ಲದ ಚಾಕೊಲೇಟು ತಿಂದ್ರೆ ತೊಂದ್ರೆ ಇಲ್ಲ ಅಲ್ವಾ?"

ಈ ಪ್ರಶ್ನೆಗೆ ಮಂಡ್ಯದಲ್ಲಿ ನಿಂತು ಉತ್ತರ ಹೇಳಲು ಧೈರ್ಯ ಬೇಕು. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಊರು, ಸುತ್ತಮುತ್ತ ಆಲೆಮನೆಗಳು. ಬೆಲ್ಲವನ್ನು ಬೈದರೆ ಮನೆ ಮಗನನ್ನು ಬೈದ ಹಾಗೆ.

ಬೆಲ್ಲದಲ್ಲಿ ಕಬ್ಬಿಣ, ಪೊಟ್ಯಾಸಿಯಂ ಇತ್ಯಾದಿ ಖನಿಜಗಳು ಸ್ವಲ್ಪ ಉಳಿದಿರುತ್ತವೆ, ಸಕ್ಕರೆಯಲ್ಲಿ ಅದೂ ಇರುವುದಿಲ್ಲ. ಆದರೆ ಬೆಲ್ಲದ ಬಹುಪಾಲು ಸುಕ್ರೋಸೇ, ಅಂದರೆ ಬಿಳಿ ಸಕ್ಕರೆಯಲ್ಲಿರುವುದೇ. 100 ಗ್ರಾಂ ಸಕ್ಕರೆಗೆ ಸುಮಾರು 400 ಕಿಲೋಕ್ಯಾಲೊರಿ, ಬೆಲ್ಲಕ್ಕೆ ಸುಮಾರು 380. ಸಕ್ಕರೆ ಕಾಯಿಲೆ ಇರುವವರ ರಕ್ತಕ್ಕೆ ಇವೆರಡರ ಮಧ್ಯೆ ಹೇಳಿಕೊಳ್ಳುವಂಥ ಭೇದವಿಲ್ಲ. ಲೇಬಲ್ಲಿನಲ್ಲೂ ಬೆಲ್ಲ 'ಸೇರಿಸಿದ ಸಕ್ಕರೆ'ಯ ಲೆಕ್ಕಕ್ಕೇ ಬರುತ್ತದೆ. ಪೊಟ್ಟಣದ ಮುಂದೆ 'ನೋ ರಿಫೈನ್ಡ್ ಶುಗರ್' ಎಂದಿದ್ದರೆ ಬಿಳಿ ಸಕ್ಕರೆ ಹಾಕಿಲ್ಲ ಎಂದಷ್ಟೇ ಅರ್ಥ. ಅದನ್ನು 'ನೋ ಆಡೆಡ್ ಶುಗರ್' ಎಂದು ಓದಿಕೊಂಡು ಮೋಸ ಹೋಗುವವರು ಬಹಳ.

ಬೆಲ್ಲದ ಬಣ್ಣದ ಬಗ್ಗೆಯೂ ಒಂದು ಮಾತು. ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತು ನೋಡಿದವರಿಗೆ ಗೊತ್ತು. ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕಿ, ಹಿಂದಿನವರು ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿ ತೆಗೆಯುತ್ತಿದ್ದರು. ಆ ಬೆಲ್ಲ ಕಂದು, ಒಂದೊಂದು ಸಲ ಕಪ್ಪು. ಹಳದಿ ಬಣ್ಣಕ್ಕೆ ಬೆಲೆ ಜಾಸ್ತಿ ಸಿಗತೊಡಗಿದ ಮೇಲೆ ಹೈಡ್ರೋಸ್ ಎಂಬ ರಾಸಾಯನಿಕ ಬಂತು. ಬಿಡಿ ಬೆಲ್ಲಕ್ಕೆ ಲೇಬಲ್ ಇಲ್ಲ, ಬಣ್ಣವೇ ಲೇಬಲ್. ಅಚ್ಚು ಬೆಲ್ಲ ಚಿನ್ನದ ಹಾಗೆ ಹೊಳೆಯುತ್ತಿದ್ದರೆ ನಾನು ಪಕ್ಕದ ಕಪ್ಪು ಉಂಡೆ ಕೇಳುತ್ತೇನೆ.

"ಪಟ್ಟೀಲಿ ಸಕ್ಕರೆ ಮೂರನೇ ಹೆಸರು. ಹಂಗಾದ್ರೆ ಕಡಿಮೆ ಇದೆ ಅಂತ ತಾನೆ?"

ಹಾಗೇ ಇರಬೇಕೆಂದಿಲ್ಲ. ಸಕ್ಕರೆಗೆ ಬಹಳ ಅಡ್ಡಹೆಸರುಗಳಿವೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಜೇನು ಎಲ್ಲ ಒಂದೇ ಮನೆತನ. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಅಷ್ಟಿಲ್ಲದಿದ್ದರೂ ರಕ್ತದಲ್ಲಿ ಬೇಗ ಗ್ಲೂಕೋಸ್ ಆಗುವ ಪಿಷ್ಟ. ಒಂದೇ ಸಕ್ಕರೆಯನ್ನು ಮೂರು ಹೆಸರಿಗೆ ಹಂಚಿದರೆ ಪ್ರತಿಯೊಂದರ ತೂಕ ಕಡಿಮೆಯಾಗಿ ಎಲ್ಲವೂ ಪಟ್ಟಿಯಲ್ಲಿ ಕೆಳಗಿಳಿಯುತ್ತವೆ. ಅದಕ್ಕೇ ಹೆಸರು ನೋಡಿದ ಮೇಲೆ ಸೇರಿಸಿದ ಸಕ್ಕರೆಯ ಅಂಕಿಯನ್ನೂ ನೋಡಿ 4ರಿಂದ ಭಾಗಿಸಿ. ಬಂದ ಉತ್ತರ ಚಮಚಗಳಲ್ಲಿ. 100 ಮಿಲಿಗೆ 12 ಗ್ರಾಂ ಇರುವ 200 ಮಿಲಿ ಪಾನೀಯ ಅಂದರೆ ಆರು ಚಮಚ.

"ಉಪ್ಪು ಎಷ್ಟು ಅಂತ ಎಲ್ಲೂ ಬರ್ದೇ ಇಲ್ಲ. ಸೋಡಿಯಂ ಅಂತ ಐತೆ."

ಸೋಡಿಯಂ ಮಿಲಿಗ್ರಾಂ ಅನ್ನು 400ರಿಂದ ಭಾಗಿಸಿ, ಅಷ್ಟು ಗ್ರಾಂ ಉಪ್ಪು. ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಸಮತಟ್ಟಾದ ಒಂದು ಟೀ ಚಮಚ. ಇದರಲ್ಲೇ ಸಾರು, ಪಲ್ಯ, ಮೊಸರನ್ನದ ಉಪ್ಪೂ ಸೇರಬೇಕು.

ನೂಡಲ್ಸಿನ 70 ಗ್ರಾಂ ಪೊಟ್ಟಣ ತೆಗೆದುಕೊಳ್ಳಿ. 100 ಗ್ರಾಂಗೆ 1200 ಎಂದಿದ್ದರೆ ಪೊಟ್ಟಣಕ್ಕೆ 840, ಅಂದರೆ ಎರಡು ಗ್ರಾಂ ಮೀರಿದ ಉಪ್ಪು. ಮಗು ಮಸಾಲೆ ಪುಡಿ ಪೂರ್ತಿ ಹಾಕು ಎಂದು ಹಟ ಮಾಡಿದರೆ ದಿನದ ಪಾಲಿನ ಶೇ. 42 ಒಂದೇ ತಟ್ಟೆಯಲ್ಲಿ ಹೋಯಿತು. ಅರ್ಧ ಪುಡಿ ಹಾಕಿ, ಕ್ಯಾರೆಟ್ಟು ಬೀನ್ಸು ಸೇರಿಸಿ.

ನಾಲಿಗೆಗೆ ಉಪ್ಪೆನಿಸದ್ದರಲ್ಲೂ ಸೋಡಿಯಂ ಇರುತ್ತದೆ. ಬೇಕರಿ ಸೋಡಾ, ರುಚಿಗೆ ಹಾಕುವ 621, ಕೆಡದಂತೆ ಹಾಕುವ 211 ಎಲ್ಲವೂ ಸೋಡಿಯಂ ಲವಣಗಳೇ. ಸಿಹಿ ಬಿಸ್ಕತ್ತಿನಲ್ಲಿ, ಬ್ರೆಡ್ಡಿನಲ್ಲಿ ಆ ಸಾಲು ಒಮ್ಮೆ ನೋಡಿ. ಹಪ್ಪಳದ್ದಂತೂ ಕೇಳಬೇಡಿ, ಉಪ್ಪಿನ ಮೇಲೆ ಹಪ್ಪಳದ ಖಾರದ, ಅಂದರೆ ಹಿಟ್ಟಿಗೆ ಹಾಕುವ ಸೋಡಾದಂಥ ಲವಣದ, ಸೋಡಿಯಂ ಬೇರೆ.

"ಅಡುಗೆ ಎಣ್ಣೆ ಡಬ್ಬಿ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ಇದೆ. ಹಾರ್ಟಿಗೆ ಒಳ್ಳೇದಾ?"

ಕಡಲೆಕಾಯಿ, ಸೂರ್ಯಕಾಂತಿ, ತೆಂಗು, ತಾಳೆ, ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಅದನ್ನು ಹೊಗಳಿಕೆ ಎಂದು ಬರೆಯುವುದು ಬಾಳೆಹಣ್ಣಿನ ಮೇಲೆ 'ಮೂಳೆ ಇಲ್ಲ' ಎಂದು ಬರೆದ ಹಾಗೆ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕಿಲೋಕ್ಯಾಲೊರಿ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬು. ತಾಳೆ ಎಣ್ಣೆಯಲ್ಲಿ ಅದು ಅರ್ಧದಷ್ಟಿದೆ, ಬಿಸ್ಕತ್ತು, ಚಿಪ್ಸು, ಮಿಕ್ಸ್ಚರುಗಳ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದೂ ಅದೇ.

ಟ್ರಾನ್ಸ್ ಕೊಬ್ಬು ವನಸ್ಪತಿಯ, ಅಂದರೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಎಣ್ಣೆಯ, ಕೂಸು. 2022ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇ. 2 ಮೀರುವಂತಿಲ್ಲ. 2021ರಲ್ಲಿ ಮಿತಿ ಶೇ. 3, ಅದಕ್ಕೂ ಮೊದಲು ಶೇ. 5 ಇತ್ತು. 'ಟ್ರಾನ್ಸ್ ಫ್ಯಾಟ್ ಫ್ರೀ' ಎಂದು ಬರೆಯಲು 100 ಗ್ರಾಂಗೆ 0.2 ಗ್ರಾಂಗಿಂತ ಕಡಿಮೆ ಇದ್ದರೆ ಸಾಕು, ಪೂರ್ತಿ ಸೊನ್ನೆ ಇರಬೇಕಿಲ್ಲ. ಪಟ್ಟಿಯಲ್ಲಿ 'ಹೈಡ್ರೋಜನೇಟೆಡ್' ಎಂಬ ಪದ ಕಂಡರೆ ನಾನು ಕೆಳಗಿಡುತ್ತೇನೆ.

## ಇನ್ನೂ ಸ್ವಲ್ಪ ಒಳಗೆ

"ನಮ್ಮನೆಯೋರಿಗೆ ಶುಗರ್ರು. ಶುಗರ್ ಫ್ರೀ ಬಿಸ್ಕೆಟ್ ಎಷ್ಟು ಬೇಕಾದ್ರೂ ತಿನ್ನಬಹುದಾ?"

ಬೇಡ. 100 ಗ್ರಾಂಗೆ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದಿದ್ದರೆ 'ಶುಗರ್ ಫ್ರೀ' ಎನ್ನಬಹುದು. ಮೈದಾ ಇದ್ದೇ ಇರುತ್ತದೆ, ಮೈದಾ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಇಲ್ಲಿ ನೋಡಬೇಕಾದ್ದು ಒಟ್ಟು ಕಾರ್ಬೋಹೈಡ್ರೇಟು. ಸಿಹಿಗೆ ಮಾಲ್ಟಿಟಾಲ್ ಹಾಕಿದ್ದರೆ ಜಾಸ್ತಿ ತಿಂದವರಿಗೆ ಹೊಟ್ಟೆ ಕೆಡುತ್ತದೆ. ಸಕ್ಕರೆ ಬದಲು ಸಿಹಿಗೆ ಹಾಕುವವುಗಳ ಸಂಖ್ಯೆ ಹೀಗೆ: 951 ಆಸ್ಪರ್ಟೇಮ್, 955 ಸುಕ್ರಲೋಸ್, 960 ಸ್ಟೀವಿಯಾ.

"ವಾಟ್ಸಾಪಲ್ಲಿ ಬಂತು, 631 ಅಂತ ಇದ್ರೆ ಹಂದಿ ಕೊಬ್ಬಂತೆ. ಚಿಪ್ಸಲ್ಲಿ ಇದೆ. ಹೌದಾ?"

ವರ್ಷಕ್ಕೊಮ್ಮೆ ಹಬ್ಬದ ಹಾಗೆ ಬರುವ ಪ್ರಶ್ನೆ. 631 ರುಚಿ ಏರಿಸುವ ಒಂದು ಪದಾರ್ಥ, ಕೊಬ್ಬಲ್ಲ. ಅದನ್ನು ಮೀನು ಮಾಂಸದಿಂದಲೂ ಮಾಡಬಹುದು, ಪಿಷ್ಟವನ್ನು ಹುದುಗಿಸಿಯೂ ಮಾಡಬಹುದು. ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಮೂಲದ್ದು ಹಾಕುವಂತಿಲ್ಲ, ಹಾಲು, ಜೇನು, ಜೇನುಮೇಣದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಮಾಂಸಾಹಾರಕ್ಕೆ ಈಗ ಕಂದು ಚೌಕದೊಳಗೆ ಕಂದು ತ್ರಿಕೋನ, ಮೊಟ್ಟೆ ಹಾಕಿದ ಕೇಕಿಗೂ ಅದೇ. ಸಂಖ್ಯೆಗಳೆಲ್ಲ ವಿಷವೂ ಅಲ್ಲ. 330 ನಿಂಬೆ ಹುಳಿಯ ಸಿಟ್ರಿಕ್ ಆಮ್ಲ, 500 ನಮ್ಮ ಅಡುಗೆ ಸೋಡಾ, 322 ಸೋಯಾದ ಲೆಸಿಥಿನ್.

"ಮಗು ಬೆಳೀಲಿ ಅಂತ ಹಾಲಿಗೆ ಪುಡಿ ಹಾಕ್ತೀವಿ. ಹೆಲ್ತ್ ಡ್ರಿಂಕ್ ಅಂತಾರಲ್ಲ?"

'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಹೆಸರಿನ ಕಪಾಟಿನಿಂದ ತೆಗೆಯಿರಿ ಎಂದಿತು. ಡಬ್ಬಿಯ ಸೇರಿಸಿದ ಸಕ್ಕರೆ ನೋಡಿ. 100 ಗ್ರಾಂಗೆ 30 ಇದ್ದರೆ ಮೂರರಲ್ಲೊಂದು ಪಾಲು ಹತ್ತಿರ ಸಕ್ಕರೆಗೆ ದುಡ್ಡು ಕೊಟ್ಟಿರಿ. ಹುರಿಹಿಟ್ಟು ಅದಕ್ಕಿಂತ ಅಗ್ಗ.

"ಐದು ರೂಪಾಯಿ ಪ್ಯಾಕೆಟ್ಟಲ್ಲಿ ಏನೂ ಬರ್ದೇ ಇಲ್ಲ. ಕಳ್ಳ ಮಾಲಾ?"

ಇರಬೇಕೆಂದಿಲ್ಲ. ಪೊಟ್ಟಣದ ಮೈ 100 ಚದರ ಸೆಂಟಿಮೀಟರ್ ಮೀರದಿದ್ದರೆ ಪೋಷಕಾಂಶ ಪಟ್ಟಿ, ಘಟಕಾಂಶಗಳಿಗೆ ವಿನಾಯಿತಿ ಇದೆ, ಅವು ದೊಡ್ಡ ಚೀಲದ ಮೇಲೆ ಇರಬೇಕು. ಶಾಲೆ ಮುಂದಿನ ಅಂಗಡಿಯಲ್ಲಿ ಮಕ್ಕಳು ಕೊಳ್ಳುವುದು ಮಾತ್ರ ಇದೇ ಚಿಕ್ಕ ಪೊಟ್ಟಣ.

"ಡೇಟ್ ಮುಗ್ದ ಮಾರನೇ ದಿನ ತಿಂದ್ರೆ ಏನಾಗುತ್ತೆ?"

'ಬೆಸ್ಟ್ ಬಿಫೋರ್' ದಾಟಿದರೆ ಗರಿಗರಿ, ಪರಿಮಳ ಕುಗ್ಗುತ್ತದೆ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ದಾಟಿದರೆ ತಿನ್ನಬೇಡಿ. 2020ರ ನಿಯಮದಲ್ಲಿ ಎಕ್ಸ್‌ಪೈರಿ ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ದಿನಾಂಕ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ, ಹೆಚ್ಚಾಗಿ ಅಂಟಿಸಿದ ಅಂಚಿನ ಮಡಿಕೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಇರುತ್ತದೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಕೋಡುಬಳೆ ಕೊಂಡೆ. ಹೆಬ್ಬೆರಳು ತಾಗಿದ್ದೇ ದಿನಾಂಕ ಕೈಗೆ ಬಂತು, ಪೊಟ್ಟಣ ಬೋಳು. ಕೋಡುಬಳೆ ಕಮಟು. ಅಂದಿನಿಂದ ದುಡ್ಡು ಕೊಡುವ ಮೊದಲೇ ದಿನಾಂಕವನ್ನು ಉಜ್ಜಿ ನೋಡುತ್ತೇನೆ.

"ಲೇಬಲ್ಲಲ್ಲಿ ಸುಳ್ಳು ಬರ್ದಿದ್ರೆ ಯಾರಿಗೆ ಹೇಳೋದು?"

ಮೊದಲು ಬಿಲ್ಲು ಇಟ್ಟುಕೊಳ್ಳಿ. ಬ್ಯಾಚ್ ಸಂಖ್ಯೆ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಾಣುವಂತೆ ಫೋಟೋ ತೆಗೆಯಿರಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಹಳ ಜನಕ್ಕೆ ತಿಳಿಯದ ದಾರಿ ಇನ್ನೊಂದಿದೆ. ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಆ ಉದ್ದೇಶ ತಿಳಿಸಬೇಕು. ಪದಾರ್ಥ ನಿಯಮಕ್ಕೆ ವಿರುದ್ಧವೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್.

"ಮೈಸೂರ್ ಪಾಕಿಗೆ ಲೇಬಲ್ ಎಲ್ಲಿ ಹುಡುಕೋದು?"

ಮೊದಲೇ ಕಟ್ಟಿಟ್ಟ ಡಬ್ಬಿಯಾದರೆ ಎಲ್ಲ ಲೇಬಲ್ ನಿಯಮವೂ ಅದಕ್ಕೆ ಅನ್ವಯ. ಘಟಕಾಂಶಗಳಲ್ಲಿ ತುಪ್ಪದ ಹೆಸರಿದೆಯೋ, 'ಎಡಿಬಲ್ ವೆಜಿಟೆಬಲ್ ಫ್ಯಾಟ್' ಎಂದಿದೆಯೋ ನೋಡಿ, ಬೆಲೆಯ ಗುಟ್ಟು ಅಲ್ಲೇ ಇದೆ. ತುಪ್ಪದ್ದಾದರೂ ಸ್ಯಾಚುರೇಟೆಡ್ ಕೊಬ್ಬಿನ ಸಾಲು ಸಣ್ಣದೇನೂ ಇರುವುದಿಲ್ಲ. ಆಯುಧ ಪೂಜೆಯ ದಿನ ಎರಡು ತುಂಡು ತಿನ್ನುವವರಿಗೆ ನಾನು ಆ ಸಾಲು ಓದಿಸಲು ಹೋಗುವುದಿಲ್ಲ, ತಿಂಗಳಿಗೆ ಎರಡು ಕೆಜಿ ತರಿಸುವವರಿಗೆ ಓದಿಸುತ್ತೇನೆ.

ಬಿಡಿಯಾಗಿ ತೂಗಿ ಕೊಡುವ ಸಿಹಿಗೆ ಪೋಷಕಾಂಶ ಪಟ್ಟಿ ಇರುವುದಿಲ್ಲ. ಆದರೆ 2020ರ ಅಕ್ಟೋಬರ್ 1ರಿಂದ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕು ಎಂಬ ದಿನಾಂಕದ ಚೀಟಿ ಇಡಬೇಕು. ಚೀಟಿ ಕಾಣದಿದ್ದರೆ "ಇದು ಯಾವತ್ತಿಂದು?" ಎಂದು ಕೇಳಿ. ದೇವರಾಜ ಮಾರ್ಕೆಟ್ಟಿನ ಸುತ್ತಿನ ಅಂಗಡಿಗಳಲ್ಲಿ ಹಳೆಯ ಗಿರಾಕಿಗಳು ನಿಯಮ ಬರುವ ಎಷ್ಟೋ ಮೊದಲಿನಿಂದ ಹಾಗೆ ಕೇಳಿಯೇ ತೂಕ ಹಾಕಿಸುತ್ತಿದ್ದರು, ಅಂಗಡಿಯವರೂ ಬೇಜಾರಿಲ್ಲದೆ "ಬೆಳಗ್ಗೆದೇ ಸ್ವಾಮಿ" ಅನ್ನುತ್ತಿದ್ದರು.